ಯುಪಿಎಸ್‌ಗೆ ಶಾಲು ಹೊದಿಸಿದವರು

ನಮ್ಮ ಪತ್ತಿನ ಸಹಕಾರ ಸಂಘದ ಕಾರ್ಯದರ್ಶಿಗಳು ಕಳೆದ ತಿಂಗಳು ನಿವೃತ್ತರಾದರು. ಸ್ಮರಣ ಸಂಚಿಕೆ ತರುತ್ತಿದ್ದೇವೆ, ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದು ಸಂಘದವರು ಕೇಳಿದರು. ನಾನು ವ್ಯಾಪಾರಿ. ನಾಲ್ಕು ಎಂದವರನ್ನು ಎರಡಕ್ಕೆ ಇಳಿಸದೆ ಬಿಟ್ಟವನಲ್ಲ. ಎರಡು ಒಳ್ಳೆಯ ಮಾತಿಗೆ ಒಪ್ಪಿಕೊಂಡು ಬಂದಿದ್ದೇನೆ. ಅವು ಎಲ್ಲಾದರೂ ಮಧ್ಯೆ ಸಿಗುತ್ತವೆ, ಹುಡುಕಿಕೊಳ್ಳಿ.

ಹೆಸರು ಬರೆಯುವುದಿಲ್ಲ. ರಾಬರ್ಟ್‌ಸನ್‌ಪೇಟೆಯಲ್ಲಿ ಅವರ ಹೆಸರು ಗೊತ್ತಿರುವವರಿಗೆ ನಾನು ಹೇಳಬೇಕಾಗಿಲ್ಲ, ಗೊತ್ತಿಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ. ಅಲ್ಲದೆ ಅವರು ಇಷ್ಟು ವರ್ಷ ಯಾವುದಕ್ಕೂ ತಮ್ಮ ಹೆಸರು ಬರದಂತೆ ನೋಡಿಕೊಂಡವರು. ಏನಾದರೂ ಕೆಟ್ಟರೆ ‘ಸಿಬ್ಬಂದಿ’, ಏನಾದರೂ ಒಳ್ಳೆಯದಾದರೆ ‘ಆಡಳಿತ ಮಂಡಳಿ’. ಮಧ್ಯದಲ್ಲಿ ಅವರು ಸುಖವಾಗಿದ್ದರು.

ನನ್ನದು ಮಾರ್ಕೆಟ್ ಹತ್ತಿರ ಬ್ಯಾಟರಿ, ಇನ್ವರ್ಟರ್, ಯುಪಿಎಸ್ ಅಂಗಡಿ. ಕೋರಮಂಡಲ್‌ನ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ ಹುಟ್ಟಿ, ಲಾರಿ ಬ್ಯಾಟರಿಗಳಿಗೆ ನೀರು ತುಂಬುತ್ತಾ ಅಂಗಿಗೆಲ್ಲ ಆಸಿಡ್ ತೂತು ಮಾಡಿಕೊಂಡು ಮೇಲೆ ಬಂದವನು. ಬೆಲೆಯನ್ನು ತೆಲುಗಿನಲ್ಲಿ ಹೇಳುತ್ತೇನೆ, ತಮಿಳಿನಲ್ಲಿ ಇಳಿಸುತ್ತೇನೆ, ಇನ್ನು ಆಗಲ್ಲ ಅನ್ನುವುದನ್ನು ಕನ್ನಡದಲ್ಲಿ ಹೇಳುತ್ತೇನೆ. ಈ ಮೂರೂ ಭಾಷೆಯಲ್ಲಿ ನನ್ನನ್ನು ಸೋಲಿಸಿದ ಗಿರಾಕಿ ಇವರೊಬ್ಬರೇ. ಅವರ ಪದ್ಧತಿ ಸರಳ. ನಾನು ಬೆಲೆ ಹೇಳಿದ ತಕ್ಷಣ ಅವರು ತಮ್ಮ ಹಸುವಿನ ವಿಷಯ ತೆಗೆಯುತ್ತಿದ್ದರು. ಜಾಸ್ತಿ ಎನ್ನುವುದಿಲ್ಲ, ಕಮ್ಮಿ ಮಾಡಿ ಎನ್ನುವುದಿಲ್ಲ. ಹಸು ಯಾವಾಗ ಗಬ್ಬವಾಯಿತು, ಎಷ್ಟು ಹಿಂಡಿ ತಿನ್ನುತ್ತದೆ, ಯಾವ ಡಾಕ್ಟರು ಬಂದು ಏನು ಹೇಳಿ ಹೋದ. ಕರು ಹುಟ್ಟಿ ನಿಲ್ಲುವಷ್ಟರಲ್ಲಿ ನಾನು ತಡೆಯಲಾರದೆ ಎರಡು ಸಲ ಇಳಿದಿರುತ್ತಿದ್ದೆ. ವ್ಯಾಪಾರ ಕಲಿಯುವವರು ಇದನ್ನು ಬರೆದಿಟ್ಟುಕೊಳ್ಳಿ: ಎದುರಿನವನು ಬೆಲೆಯ ಬಗ್ಗೆ ಸುಮ್ಮನಿದ್ದಾಗ ನೀವೂ ಸುಮ್ಮನಿರಬೇಕು. ಹೇಳುವುದು ಸುಲಭ.

ಕಾರ್ಯದರ್ಶಿಗಳು ಕಾಮಸಮುದ್ರದ ಕಡೆಯ ಹಳ್ಳಿಯವರು. ಬೆಳಿಗ್ಗೆ ಹಾಲು ಕರೆದು, ಡೈರಿಗೆ ಹಾಕಿ, ಬಸ್ಸು ಹತ್ತಿ ಬಂದು, ಸಂಘದ ಬೀಗ ತೆಗೆಸಿ, ಮೊದಲು ಹೋಗುತ್ತಿದ್ದದ್ದು ಸರ್ವರ್ ಕೋಣೆಗೆ. ಚಪ್ಪಲಿ ಹೊರಗೆ ಬಿಡಬೇಕು. ಒಳಗೆ ಹೋಗಿ, ಹಾಲು ಕರೆದ ಅದೇ ಕೈಯನ್ನು ಯುಪಿಎಸ್ ಪಕ್ಕೆಯ ಮೇಲಿಟ್ಟು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಆಮೇಲೆ ಹೊರಗೆ ಬಂದು ಘೋಷಿಸುತ್ತಿದ್ದರು: “ಜ್ವರ ಇಲ್ಲ.” ಅಷ್ಟಾದ ಮೇಲೆ ಸಂಘದ ದಿನ ಶುರು.

ಯುಪಿಎಸ್ ಎಂದರೇನೆಂದು ಗೊತ್ತಿಲ್ಲದ ಪುಣ್ಯವಂತರಿಗೆ ಹೇಳುತ್ತೇನೆ. ಕರೆಂಟ್ ಹೋದ ಕ್ಷಣಕ್ಕೂ ಜನರೇಟರ್ ಶುರುವಾಗುವುದಕ್ಕೂ ನಡುವೆ ಒಂದು ಸಂದು ಇರುತ್ತದೆ. ಅಷ್ಟು ಹೊತ್ತು ಸರ್ವರ್ ಬೀಳದಂತೆ ಕೈ ಕೊಟ್ಟು ಹಿಡಿದುಕೊಳ್ಳುವ ಪೆಟ್ಟಿಗೆ ಅದು. ಒಳಗೆ ಬ್ಯಾಟರಿಗಳು, ಬೆನ್ನಿಗೆ ಫ್ಯಾನು, ಪಕ್ಕದಲ್ಲಿ ಗಾಳಿಗೆ ಸೀಳುಗಳು. ಅದಕ್ಕೆ ಬೇಕಾದದ್ದು ತಂಪು ಮತ್ತು ಗಾಳಿ, ಎರಡೇ. ಕಾರ್ಯದರ್ಶಿಗಳು ಅದಕ್ಕೆ ಮಿಕ್ಕಿದ್ದೆಲ್ಲವನ್ನೂ ಒದಗಿಸಿದ್ದರು: ಅರಿಶಿನ, ಕುಂಕುಮ, ಆಯುಧಪೂಜೆಯ ನಿಂಬೆಹಣ್ಣು, ಮತ್ತು ಶಾಲು.

ಶಾಲಿನ ವಿಷಯ ಹೇಳಬೇಕು. ನಮ್ಮ ಕಡೆ ಸನ್ಮಾನ ಎಂದರೆ ಹಾರ, ಹಣ್ಣಿನ ಬುಟ್ಟಿ, ಶಾಲು. ಹಾರ ಅವತ್ತೇ ಬಾಡುತ್ತದೆ, ಹಣ್ಣು ಮನೆ ತಲುಪುವ ಮೊದಲೇ ಅರ್ಧವಾಗುತ್ತದೆ, ಶಾಲಿಗೆ ಮಾತ್ರ ಸಾವಿಲ್ಲ. ಚಳಿಗೂ ಆಗದ, ಜರಿ ಅಂಚು ಕತ್ತು ಕೆರೆಯುವ ಆ ಬಟ್ಟೆ ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ತಿರುಗುತ್ತಲೇ ಇರುತ್ತದೆ. ನಮ್ಮ ಅಧ್ಯಕ್ಷರಿಗೂ ನಿರ್ದೇಶಕರಿಗೂ ಬಂದ ಶಾಲುಗಳೆಲ್ಲ ಸಂಘದ ಬೀರುವಿನಲ್ಲಿ ಬಿದ್ದಿದ್ದವು. ಕಾರ್ಯದರ್ಶಿಗಳು ಅವಕ್ಕೆಲ್ಲ ಕೆಲಸ ಕೊಟ್ಟರು. ಪ್ರಿಂಟರ್‌ಗೆ ಹಸಿರು, ಜೆರಾಕ್ಸ್ ಯಂತ್ರಕ್ಕೆ ನೀಲಿ. ಎಲ್ಲಕ್ಕಿಂತ ದಪ್ಪದ, ಎಲ್ಲಕ್ಕಿಂತ ಹೆಚ್ಚು ಜರಿಯ ಮೆರೂನ್ ಬಣ್ಣದ ಶಾಲು ಯುಪಿಎಸ್‌ಗೆ. ನಾಲ್ಕೂ ಕಡೆ ನೆಲ ಮುಟ್ಟುವಂತೆ ಹೊದಿಸಿ, ಹಾರಿಹೋಗದಂತೆ ಮೇಲೊಂದು ಕ್ಯಾಲೆಂಡರಿನ ಕಟ್ಟು. ಹೊಸಬರು ಯಾರಾದರೂ ಬಂದರೆ ಒಳಗೆ ಯಾವುದೋ ಗದ್ದುಗೆ ಇದೆ ಎಂದು ಕೈಮುಗಿಯುತ್ತಿದ್ದರು.

ಸರ್ವಿಸ್‌ಗೆ ಹೋದಾಗಲೆಲ್ಲ ನಾನು ಅದನ್ನು ತೆಗೆದು ಮಡಿಸಿಟ್ಟು ಬರುತ್ತಿದ್ದೆ. ಮುಂದಿನ ಸಲ ಹೋದಾಗ ಮತ್ತೆ ಹೊದ್ದುಕೊಂಡು ಕೂತಿರುತ್ತಿತ್ತು. ಅದು ಉಸಿರಾಡಬೇಕು ಸಾರ್ ಎಂದೆ ಒಂದು ಸಲ.

“ಉಸಿರಾಡಿ ಏನ್ ಕುಡೀತದೆ? ಧೂಳು,” ಎಂದರು. “ಸೈನೈಡ್ ಗುಡ್ಡದ ಧೂಳು ಕಣಯ್ಯ ಬ್ಯಾಟ್ರಿ, ನೀನು ಅಲ್ಲೇ ಉಟ್ಟಿ ಬೆಳೆದೋನು, ನಿಂಗೆ ಏಳಿಕೊಡಬೇಕಾ? ಚಳೀಲಿ ಕರೂ ಮೇಲೆ ಗೋಣಿ ಆಕಲ್ವಾ? ಅಂಗೇ ಇದು.”

ನನ್ನನ್ನು ‘ಬ್ಯಾಟ್ರಿ’ ಎಂದೇ ಕರೆಯುತ್ತಿದ್ದರು. ಧೂಳಿನ ಮಾತು ಮಾತ್ರ ಸುಳ್ಳಲ್ಲ. ಗಣಿ ಮುಚ್ಚಿ ಇಷ್ಟು ವರ್ಷವಾದರೂ ಗಾಳಿಕಾಲದಲ್ಲಿ, ಚಿನ್ನ ತೆಗೆದು ಸುರಿದ ಮಣ್ಣಿನ ಆ ಗುಡ್ಡಗಳ ಪುಡಿ ಎದ್ದು ಬಂದು ಊಟದ ತಟ್ಟೆಯಲ್ಲಿ ಕೂರುತ್ತದೆ. ಆದರೆ ಕರುವಿಗೆ ಗೋಣಿ ಹಾಕುವವರು ಮೂಗಿಗೂ ಬಾಯಿಗೂ ಸೇರಿಸಿ ಕಟ್ಟುವುದಿಲ್ಲ. ಇನ್ನು ಆ ಕೋಣೆಗೆ ನಾನೇ ಮಾರಿದ ಎ.ಸಿ. ಒಂದಿತ್ತು. ಅದನ್ನು ಹಾಕಿದರೆ ಮಂಡಿ ಹಿಡಿಯುತ್ತದೆ ಎಂದು ಅವರು ಹಾಕಿಸುತ್ತಿರಲಿಲ್ಲ. ಸರ್ವರ್‌ಗೆ ಮಂಡಿ ಇಲ್ಲವಲ್ಲ ಸಾರ್ ಎಂದರೆ, ನನಗೆ ಇದೆಯಲ್ಲ ಎನ್ನುತ್ತಿದ್ದರು.

ಅವರಿಗೆ ಇನ್ನೊಂದು ಹೆಮ್ಮೆ: ಲಾಕರ್ ಕೋಣೆ. ಚಿನ್ನದ ಗಣಿಯ ಊರಿನಲ್ಲಿ ನೆಲದ ಕೆಳಗಿನ ಚಿನ್ನ ಮುಗಿದ ಮೇಲೆ ಜನರ ಹತ್ತಿರ ಉಳಿದ ಅಷ್ಟಿಷ್ಟು ಚಿನ್ನವೆಲ್ಲ ನಮ್ಮ ಸಂಘದ ಲಾಕರ್‌ಗಳಲ್ಲಿದೆ. ಅದರ ಬಾಗಿಲು ಬೆರಳು ಒತ್ತಿದರೆ ತೆರೆಯುವಂಥದು. ಸದಸ್ಯರು ಒಂದು ಬೆರಳು, ಕಾರ್ಯದರ್ಶಿಗಳು ಒಂದು ಬೆರಳು. ಎರಡನ್ನೂ ಸರ್ವರ್ ನೋಡಿ ಒಪ್ಪಿದರೆ ಬಾಗಿಲು ತೆರೆಯುತ್ತದೆ. ಸರ್ವರ್ ಮಲಗಿದರೆ ತೆರೆಯಲು ಒಂದು ಕಬ್ಬಿಣದ ಬೀಗದಕೈಯನ್ನೂ ಕಂಪನಿಯವರು ಕೊಟ್ಟಿದ್ದರು. ಇದನ್ನು ಅತ್ಯಂತ ಭದ್ರವಾದ ಜಾಗದಲ್ಲಿಡಿ ಎಂದು ಹೇಳಿ ಹೋಗಿದ್ದರು. ಕಾರ್ಯದರ್ಶಿಗಳು ಬಹಳ ಯೋಚನೆ ಮಾಡಿ, ಸಂಘದಲ್ಲೇ ಅತ್ಯಂತ ಭದ್ರವಾದ ಜಾಗದಲ್ಲಿಟ್ಟರು. ಲಾಕರ್ ಕೋಣೆಯ ಒಳಗೆ.

ಆ ಲಾಕರ್‌ಗಳ ಬಗ್ಗೆ ಅವರು ಮಾಡದ ಉಪದೇಶವಿಲ್ಲ. ಹಾಲಿನ ದುಡ್ಡು ಕಟ್ಟಲು ಬಂದ ಹೆಂಗಸರನ್ನು ಕೂರಿಸಿಕೊಂಡು ಹೇಳುತ್ತಿದ್ದರು: “ಮನೇಲಿ ಯಾಕಮ್ಮ ಇಕ್ಕಂಡಿದ್ದೀರಿ? ಕಳ್ಳ ಬಂದ್ರೆ ಮೊದ್ಲು ಕೈ ಆಕೋದೇ ರಾಗಿ ಡಬ್ಬಕ್ಕೆ. ಅವನ ಮನೇಲೂ ರಾಗಿ ಡಬ್ಬ ಇರ್ತದೆ, ಅವನಿಗೆ ಗೊತ್ತಿಲ್ವಾ? ತಂದು ಇಲ್ಲಿಡಿ, ನಿದ್ದೆ ಮಾಡಿ.” ಜನ ನಂಬಿದರು. ನನ್ನ ಹೆಂಡತಿಯೂ ನಂಬಿದಳು, ಅವಳು ನನ್ನ ಮಾತನ್ನೇ ನಂಬುವವಳಲ್ಲ.

ಹಾಗೆ ನಂಬಿದವರಲ್ಲಿ ಕಾಮಸಮುದ್ರದ ಆಚೆಯ ಹಳ್ಳಿಯ ಒಬ್ಬ ತಾಯಿ ಇದ್ದರು. ಹಸು ಕಟ್ಟಿ, ಹಾಲು ಹಾಕಿ, ಮಗಳನ್ನು ಬೆಳೆಸಿದವರು. ಗಂಡ ಹೋಗಿ ಬಹಳ ಕಾಲವಾಗಿತ್ತು. ಅವರ ತಾಯಿಯಿಂದ ಬಂದ ಒಂದು ಕಾಸಿನ ಸರ, ಓಲೆ, ನಾಲ್ಕು ಬಳೆ ನಮ್ಮ ಲಾಕರ್‌ನಲ್ಲಿದ್ದವು. ಮಗಳ ಮದುವೆ ಬಂಗಾರಪೇಟೆಯ ಛತ್ರದಲ್ಲಿ. ಸಂಜೆ ಆರತಕ್ಷತೆ, ಮಾರನೆಯ ಬೆಳಿಗ್ಗೆ ಮುಹೂರ್ತ. ಒಂದು ವಾರ ಮೊದಲೇ ಆಕೆ ಒಡವೆ ತೆಗೆದುಕೊಂಡು ಹೋಗಲು ಬಂದಿದ್ದರು. ನಮ್ಮ ಕಾರ್ಯದರ್ಶಿಗಳು, ಮದುವೆ ಮನೆಯಲ್ಲಿ ನೂರು ಜನ ಓಡಾಡುತ್ತಾರೆ, ಆರತಕ್ಷತೆಯ ದಿನವೇ ಬನ್ನಿ, ನಾನಿದ್ದೇನೆ ಎಂದು ಬುದ್ಧಿ ಹೇಳಿ ಕಳಿಸಿದ್ದರು.

ಆ ದಿನದ ಪೇಪರಿನಲ್ಲಿ ‘ಇಂದು ವಿದ್ಯುತ್ ವ್ಯತ್ಯಯ’ ಎಂದು ಬಂದಿತ್ತು. ಕಾರ್ಯದರ್ಶಿಗಳು ಓದಿ, ನಮಗೇನು, ನಮ್ಮ ಯುಪಿಎಸ್ ಇದೆ ಎಂದು ಪೇಪರ್ ಮಡಿಸಿದರಂತೆ. ಆ ತಾಯಿ ಬಸ್ಸಿಳಿದು ಸಂಘದ ಮೆಟ್ಟಿಲು ಹತ್ತುತ್ತಿದ್ದಾಗ ಕರೆಂಟ್ ಹೋಯಿತು. ಅಟೆಂಡರ್ ಜನರೇಟರ್ ಎಳೆಯಲು ಹಿಂದಕ್ಕೆ ಓಡಿದ. ಅವನು ಎಳೆಯುವ ಮೊದಲೇ ಶಾಲಿನ ಕೆಳಗಿನಿಂದ ಒಂದು ದೀರ್ಘವಾದ ಕೂಗು ಬಂದು ನಿಂತಿತು. ಜೊತೆಗೆ ಸರ್ವರ್ ಕೂಡ ನಿಂತಿತು.

ನನಗೆ ಫೋನ್ ಬಂತು. “ಬ್ಯಾಟ್ರಿ, ಒಸಿ ಬಂದೋಗು. ಜ್ವರ ಬಂದಂಗೈತೆ.”

ಹೋದೆ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಕೊಳೆತ ಮೊಟ್ಟೆಯ ವಾಸನೆ. ಶಾಲು ತೆಗೆದೆ. ಒಳಭಾಗ ಬೆಚ್ಚಗೆ, ಫ್ಯಾನಿನ ಕಡೆ ಬಟ್ಟೆ ಕಂದು ಬಣ್ಣಕ್ಕೆ ತಿರುಗಿತ್ತು. ಪೆಟ್ಟಿಗೆ ಬಿಚ್ಚಿದರೆ ಬ್ಯಾಟರಿಗಳು ಊದಿ, ಒಂದಕ್ಕೊಂದು ಒತ್ತಿಕೊಂಡು, ಎಳೆದರೂ ಈಚೆಗೆ ಬಾರದೆ ಕೂತಿದ್ದವು. ಹಬ್ಬದ ಊಟಕ್ಕೆ ಬಂದು ಎದ್ದೇಳಲಾರದ ನೆಂಟರ ಹಾಗೆ. ಒಳಗಿನ ಬೋರ್ಡೂ ಕಪ್ಪಾಗಿತ್ತು. ರಿಪೇರಿಯ ಮಾತೇ ಇಲ್ಲ, ಇಡೀ ಪೆಟ್ಟಿಗೆಯನ್ನೇ ಬದಲಾಯಿಸಬೇಕು ಎಂದೆ.

ನಾನು ಬೆಲೆ ಹೇಳಿ, ಹಸುವಿನ ಕಥೆಗೆ ತಯಾರಾಗಿ ನಿಂತೆ. ಕಾರ್ಯದರ್ಶಿಗಳು ಬಾಗಿಲ ಹತ್ತಿರ ಬೆಂಚಿನ ಮೇಲೆ ಕೂತಿದ್ದ ಆ ತಾಯಿಯ ಕಡೆ ನೋಡಿ, ತಂದಾಕು ಎಂದರು. ಅಷ್ಟೇ. ಹಸು ಇಲ್ಲ, ಕರು ಇಲ್ಲ. ಚೌಕಾಸಿ ಮಾಡದ ಗಿರಾಕಿಯ ಮುಂದೆ ನಿಲ್ಲುವುದು ಎಷ್ಟು ಕಷ್ಟ ಎಂದು ನನಗೆ ಅವತ್ತು ಗೊತ್ತಾಯಿತು. ಅಂಗಡಿಯಿಂದ ಹೊಸ ಯುಪಿಎಸ್ ತರುವ ದಾರಿಯಲ್ಲಿ ನಾನೇ ನನ್ನ ಜೊತೆ ಚೌಕಾಸಿ ಮಾಡಿ ಬೆಲೆ ಇಳಿಸಿಕೊಂಡೆ.

ಹಳೆಯದನ್ನು ಕಿತ್ತು, ಹೊಸದನ್ನು ಕೂರಿಸಿ, ಜನರೇಟರಿನಿಂದ ತಂತಿ ಕೊಟ್ಟು, ಹಸಿರು ದೀಪ ಬರಿಸುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಸರ್ವರ್‌ನ ಗುಂಡಿ ಒತ್ತಿದೆ. ಎದ್ದಿತು, ಆದರೆ ಪೂರ್ತಿ ಏಳಲಿಲ್ಲ. ಪರದೆಯ ಮೇಲೆ ಒಂದು ಗೆರೆ, ಇರುವೆಗಿಂತ ನಿಧಾನವಾಗಿ ಬಲಕ್ಕೆ ಹೋಗುತ್ತಿತ್ತು. ಬೆಂಗಳೂರಿನ ಸಾಫ್ಟ್‌ವೇರ್‌ನವನಿಗೆ ಫೋನ್ ಮಾಡಿಸಿದೆವು. ತಲೆಗೆ ಹೊಡೆದಂತೆ ತಟ್ಟನೆ ನಿಂತದ್ದರಿಂದ ಅದು ತನ್ನೊಳಗಿನ ಲೆಕ್ಕವನ್ನೆಲ್ಲ ತಾನೇ ಒಂದೊಂದಾಗಿ ಪರೀಕ್ಷೆ ಮಾಡಿಕೊಳ್ಳುತ್ತಿದೆ, ಮುಗಿಯುವುದಕ್ಕೆ ಬೆಳಗಾಗುತ್ತದೆ, ನಡುವೆ ನಿಲ್ಲಿಸಿದರೆ ಎಲ್ಲರ ಖಾತೆಯೂ ಹೋಗುತ್ತದೆ, ಆಗ ನನ್ನನ್ನು ಕೇಳಬೇಡಿ ಎಂದ. ಸರ್ವರ್ ಏಳದೆ ಬಾಗಿಲು ತೆರೆಯುವುದಿಲ್ಲ. ಬಾಗಿಲು ತೆರೆಯದೆ ಬೀಗದಕೈ ಸಿಗುವುದಿಲ್ಲ. ಬಾಗಿಲು ಒಡೆಸೋಣವೆಂದರೆ ಕಂಪನಿಯವರೇ ಬರಬೇಕು, ಅವರು ನಾಳೆ ಎಂದರು.

ಇಷ್ಟು ಹೊತ್ತೂ ಆ ತಾಯಿ ಬೆಂಚಿನ ಮೇಲೆ, ಮಡಿಲಲ್ಲಿ ಬಟ್ಟೆಯ ಚೀಲ ಇಟ್ಟುಕೊಂಡು ಕೂತಿದ್ದರು. ಛತ್ರದಿಂದ ಫೋನ್ ಬರುತ್ತಲೇ ಇತ್ತು. ಎತ್ತುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು, ಉಪಾಯ ಹೇಳುವ ಚಟ ಇರುವುದರಿಂದ, ಮಾರ್ಕೆಟ್ಟಿನಲ್ಲಿ ಒಂದು ಗ್ರಾಂ ಬಂಗಾರದ ಸರ ಸಿಗುತ್ತದೆ, ದೂರದಿಂದ ಗೊತ್ತಾಗುವುದಿಲ್ಲ, ನಾನು ಮಾತಾಡಿ ಕೊಡಿಸುತ್ತೇನೆ ಎಂದೆ. ಒಳ್ಳೆಯ ಸಲಹೆಯೇ. ಬೇರೆ ದಿನವಾಗಿದ್ದರೆ ನಾನೇ ಅದಕ್ಕೆ ಕಮಿಷನ್ ಕೇಳುತ್ತಿದ್ದೆ.

“ಅಣ್ಣಾ,” ಎಂದರು ಆಕೆ, “ನಮ್ಮಮ್ಮನ ಸರ ಐತೆ, ಅದನ್ನೇ ಆಕ್ತೀನಿ ಅಂತ ಬೀಗರ ಮನೇಲಿ ನಾನೇ ಏಳ್ಕಂಡು ಬಂದಿದ್ದೀನಿ. ಅವರು ಕೇಳಿರ್ಲಿಲ್ಲ. ಈಗ ಬರೀ ಕತ್ತಲ್ಲಿ ನಿಲ್ಸಿದ್ರೆ, ಗಿಲೀಟು ಆಕಿ ನಿಲ್ಸಿದ್ರೆ, ಏನಂತಾರೆ? ಮಾರ್ಕಂಡು ತಿಂದವ್ಳೆ ಅಂತಾರೆ. ಗಂಡಿಲ್ದೋಳ ಮಾತು ಅಷ್ಟೇ ಅಂತಾರೆ. ನನ್ ಮಗಳು ಆ ಮನೇಲಿ ದಿನಾ ಬಾಳ್ಬೇಕು.”

ಎದ್ದು ಹೋಗಿ ಆಕೆಗೊಂದು ಟೀ ತಂದುಕೊಟ್ಟೆ, ದುಡ್ಡು ನಾನೇ ಕೊಟ್ಟೆ. ಇಂಥದ್ದು ನಾನು ಹೆಚ್ಚಾಗಿ ಮಾಡುವುದಿಲ್ಲ.

ಕಾರ್ಯದರ್ಶಿಗಳು ಪರದೆಯ ಮುಂದೆ ನಿಂತು ಆ ಗೆರೆಯನ್ನೇ ನೋಡುತ್ತಿದ್ದರು, ಅದಕ್ಕೂ ಹಸುವಿನ ಕಥೆ ಹೇಳಿ ಹೊತ್ತು ಇಳಿಸುತ್ತಾರೇನೋ ಅನ್ನುವ ಹಾಗೆ. ಆಮೇಲೆ ತಿರುಗಿ, ನೀವು ಛತ್ರಕ್ಕೆ ಓಗಿ ಅಮ್ಮ, ಸಂಜೆ ಒಡವೆ ಬತ್ತದೆ ಎಂದರು. ಹೇಗೆ ಎಂದು ಆಕೆ ಕೇಳಲಿಲ್ಲ. ಅವರು ‘ನಾನಿದ್ದೇನೆ’ ಎಂದದ್ದನ್ನು ಒಮ್ಮೆ ನಂಬಿದ್ದರ ಫಲ ಎದುರಿಗೇ ಇದ್ದರೂ ಎದ್ದು ಹೋದರು. ನನಗೆ ಮಾತ್ರ, ಇವರು ಏನೋ ಹೇಳಿ ಆಕೆಯನ್ನು ಸಾಗಹಾಕಿದರು ಅನ್ನಿಸಿತು. ಸಂಘಗಳಲ್ಲಿ ಜನರನ್ನು ಸಾಗಹಾಕುವ ವಿದ್ಯೆ ಹೊಸದಲ್ಲ.

“ಬ್ಯಾಟ್ರಿ, ನಿನ್ ವ್ಯಾನ್ ತೆಗಿ,” ಎಂದರು.

ಎಲ್ಲಿಗೆ ಎಂದರೆ ನಡಿ ಎಂದರು. ಕಾಮಸಮುದ್ರದ ದಾರಿ ಹಿಡಿದೆವು. ನಾನು ಶಾಲಿನ ಬಗ್ಗೆ, ಎ.ಸಿ. ಬಗ್ಗೆ, ಬೀಗದಕೈ ಬಗ್ಗೆ ಹೇಳಬೇಕಾದ್ದನ್ನೆಲ್ಲ ಹೇಳಿಕೊಂಡು ವ್ಯಾನ್ ಓಡಿಸಿದೆ. ಅವರ ಮನೆಯ ಮುಂದೆ ನಿಲ್ಲಿಸಲು ಹೇಳಿ, ನೀನು ಇಲ್ಲೇ ಇರು ಎಂದು ಒಳಗೆ ಹೋದರು. ಇಲ್ಲೇ ಇರು ಎಂದರೆ ಒಳಗೆ ನೋಡಬೇಕಾದ್ದು ಏನೋ ಇದೆ ಎಂದರ್ಥ. ನಾನೂ ಹಿಂದೆಯೇ ಹೋದೆ.

ಅಡುಗೆಮನೆಯಲ್ಲಿ ಅವರು ನೆಲದ ಮೇಲೆ ಮಂಡಿಯೂರಿದ್ದರು, ಎ.ಸಿ. ಗಾಳಿ ತಾಗಬಾರದ ಅದೇ ಮಂಡಿ. ಎದುರಿಗೆ ದೊಡ್ಡ ತಗಡಿನ ರಾಗಿ ಡಬ್ಬ. ತೋಳನ್ನು ಭುಜದವರೆಗೆ ಒಳಗಿಟ್ಟು, ಮುಖ ಒಂದು ಕಡೆ ತಿರುಗಿಸಿ, ಹಸುವಿನ ಹೊಟ್ಟೆಯಲ್ಲಿ ಕರು ಹುಡುಕುವ ಡಾಕ್ಟರನ ಹಾಗೆ ತಡಕುತ್ತಿದ್ದರು. ಒಂದು ಗಂಟು ಹೊರಗೆ ಬಂತು. ಬಿಚ್ಚಿದರೆ ಕಾಸಿನ ಸರ, ಓಲೆ, ಬಳೆ, ಎಲ್ಲದರ ಸಂದಿನಲ್ಲೂ ರಾಗಿ.

ಇಷ್ಟು ವರ್ಷ ರಾಬರ್ಟ್‌ಸನ್‌ಪೇಟೆಯ ಹೆಂಗಸರಿಗೆಲ್ಲ ಲಾಕರ್ ಮಹಿಮೆ ಹೇಳಿದ ಮನುಷ್ಯ. ನನಗೆ ಬಾಯಿ ಕಟ್ಟಿಕೊಳ್ಳಲಾಗಲಿಲ್ಲ.

“ಸಾರ್, ಕಳ್ಳ ಮೊದಲು ಕೈ ಹಾಕೋದೇ ಇಲ್ಲಿಗೆ ಅಂತಿದ್ರಲ್ಲ.”

“ಕಳ್ಳನೇ ವಾಸಿ ಕಣಯ್ಯ,” ಎಂದರು ತಿರುಗದೆ. “ಅವನು ತಗಂಡು ಸುಮ್ನೆ ಓಗ್ತಾನೆ. ನೀನು ಊರೆಲ್ಲ ಏಳ್ಕಂಡು ತಿರುಗ್ತೀಯ.”

ನನ್ನನ್ನು ಅಷ್ಟು ಸರಿಯಾಗಿ ತೂಗಿದವರು ಬೇರೆ ಯಾರೂ ಇಲ್ಲ.

ಅವರ ಹೆಂಡತಿ ಕೊಟ್ಟಿಗೆಯಿಂದ ಬಂದರು. ನಡೆದದ್ದನ್ನು ಕಾರ್ಯದರ್ಶಿಗಳು ನೆಲ ನೋಡಿಕೊಂಡು ಹೇಳಿದರು. ಆಯಮ್ಮ ಸರವನ್ನು ಸೆರಗಿನಲ್ಲಿ ಒರೆಸಿ, ಒಂದೊಂದು ಕಾಸಿನ ಸಂದಿಯಿಂದ ರಾಗಿ ಕಾಳನ್ನು ಬೆರಳ ಉಗುರಿನಿಂದ ಬಿಡಿಸತೊಡಗಿದರು. ನನ್ನ ಕಡೆ ನೋಡಿ, “ನಾನೇ ಲಾಕರ್‌ನಾಗೆ ಇಕ್ಕೋಕೆ ಬಿಡ್ಲಿಲ್ಲಪ್ಪ,” ಎಂದರು. “ಈಯಪ್ಪ ಬೀಗದಕೈ ಎಲ್ಲೆಲ್ಲಿ ಇಡ್ತಾರೆ ಅಂತ ನಂಗೊತ್ತು.”

ಸಂಘದ ಭದ್ರತೆಯ ಬಗ್ಗೆ ನಾನು ಕೇಳಿದ ಅತ್ಯುತ್ತಮ ವರದಿ ಅದು. ಆಡಿಟರ್ ಕೂಡ ಬರೆದಿಲ್ಲ.

ಛತ್ರ ತಲುಪಿದಾಗ ಕಂಬಗಳಿಗೆ ಸುತ್ತಿದ ದೀಪಗಳು ಹತ್ತಿದ್ದವು. ಗಂಡಿನ ಕಡೆಯವರು ಇಳಿದು ಕಾಫಿ ಕುಡಿಯುತ್ತಿದ್ದರು. ಹುಡುಗಿಯ ಕೋಣೆಯ ಬಾಗಿಲಲ್ಲಿ ಆ ತಾಯಿ ನಿಂತಿದ್ದರು. ಕಾರ್ಯದರ್ಶಿಗಳು ಗಂಟು ಕೊಟ್ಟರು. ಒಂದು ಪೆನ್ನು ಎರವಲು ಕೊಡಬೇಕಾದರೂ ಸಹಿ ಹಾಕಿಸಿಕೊಳ್ಳುವ ಮನುಷ್ಯ. ಅವತ್ತು ಏನನ್ನೂ ಕೇಳಲಿಲ್ಲ. ಆಕೆ ಗಂಟು ಬಿಚ್ಚಿ, ಸರವನ್ನು ಬೆಳಕಿಗೆ ಹಿಡಿದರು. ಕಾಸಿನ ಸರ ಕಾಸಿನ ಸರದ ಹಾಗೇ ಇರುತ್ತದೆ, ಆದರೆ ತಾಯಿಯ ಒಡವೆ ಯಾವ ಹೆಂಗಸಿಗೆ ಗೊತ್ತಾಗುವುದಿಲ್ಲ?

“ಇದು ನಮ್ದಲ್ಲ ಸಾರ್.”

“ನಮ್ಮನೇದು,” ಎಂದರು ಕಾರ್ಯದರ್ಶಿಗಳು. “ಇವತ್ತಿಗೆ ಆಕಿ. ನಿಮ್ದು ಬೆಳಿಗ್ಗೆ ಬಂದ್ರೆ ಕೊಡ್ತೀನಿ.”

“ಲಾಕರ್ ತೆಗೀತಾ ಆಮೇಲೆ?”

ಇಲ್ಲೊಂದು ಸಣ್ಣ ಸುಳ್ಳು ಸಾಕಾಗಿತ್ತು. ಊಂ ಎಂದಿದ್ದರೆ ಮುಗಿಯುತ್ತಿತ್ತು. ಸಂಘದ ಮಾನ ಉಳಿಯುತ್ತಿತ್ತು, ಅವರದೂ. ಪಕ್ಕದಲ್ಲಿ ನಾಲ್ಕೈದು ಹೆಂಗಸರು, ನಮ್ಮ ಸಂಘದ ಸದಸ್ಯರೇ, ಕಿವಿ ಕೊಟ್ಟು ನಿಂತಿದ್ದರು. ನಾನಾಗಿದ್ದರೆ ಊಂ ಎನ್ನುತ್ತಿದ್ದೆ, ಜೊತೆಗೆ ಲಾಕರ್‌ಗೆ ಎರಡು ಹೊಗಳಿಕೆ ಸೇರಿಸುತ್ತಿದ್ದೆ.

“ತೆಗೀಲಿಲ್ಲ,” ಎಂದರು. “ಇದು ಮನೇಲಿತ್ತು. ರಾಗಿ ಡಬ್ಬದಾಗೆ.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ತಾಯಿ ಸರದ ಒಂದು ಕಾಸಿನ ಹಿಂದೆ ಉಳಿದಿದ್ದ ರಾಗಿ ಕಾಳನ್ನು ಬೆರಳಿನಿಂದ ಉದುರಿಸಿದರು.

“ಒಳ್ಳೇದಾಯ್ತು ಬಿಡಿ ಸಾರ್,” ಎಂದರು. “ನೀವೂ ನಮ್ಮಂಗೇನೇ.”

ಹುಡುಗಿ ಆ ಸರ ಹಾಕಿಕೊಂಡು ಆರತಕ್ಷತೆಗೆ ನಿಂತಳು. ಬೀಗರು ನೋಡಿದರು, ತಲೆಯಾಡಿಸಿದರು, ಊಟಕ್ಕೆ ಹೋದರು. ಯಾವ ಮನೆಯ ಮಾನ ನಿಂತದ್ದು ಯಾವ ಡಬ್ಬದಿಂದ ಎಂದು ಅವರಿಗೇನು ಗೊತ್ತು. ಕಾರ್ಯದರ್ಶಿಗಳು ಊಟಕ್ಕೆ ನಿಲ್ಲಲಿಲ್ಲ. ನಾನು ನಿಂತೆ, ಹೋಳಿಗೆ ಚೆನ್ನಾಗಿತ್ತು.

ಬೆಳಿಗ್ಗೆ ಆ ಗೆರೆ ಬಲತುದಿ ಮುಟ್ಟಿತು. ಆ ತಾಯಿಯ ತಮ್ಮ ಒಂದು ಕಾರು ಮಾಡಿಕೊಂಡು ಆಕೆಯನ್ನು ಕರೆತಂದ. ಎರಡು ಬೆರಳು, ಒಂದು ಟಕ್ ಶಬ್ದ, ಬಾಗಿಲು ತೆರೆಯಿತು. ಒಡವೆಗಿಂತ ಮೊದಲು ಕಾರ್ಯದರ್ಶಿಗಳು ಹೊರಗೆ ತಂದದ್ದು ಆ ಕಬ್ಬಿಣದ ಬೀಗದಕೈ. ಧಾರೆಯ ಹೊತ್ತಿಗೆ ಹುಡುಗಿಯ ಕತ್ತಿನಲ್ಲಿ ಎರಡೂ ಸರ ಇದ್ದವಂತೆ. ಸಂಜೆ ತಿರುಗಿ ಬಂದ ಗಂಟಿನಲ್ಲಿ ಒಡವೆಯ ಜೊತೆ ಒಂದು ಹಿಡಿ ರಾಗಿಯನ್ನೂ ಹಾಕಿ ಕಳಿಸಿದ್ದರು ಆ ತಾಯಿ. ಇಂಥ ತಮಾಷೆ ಮಾಡುವವರಿಗೆ ನಾನು ಯಾವತ್ತೂ ರಿಯಾಯಿತಿ ಕೊಡುತ್ತೇನೆ.

ವಿಷಯ ಊರಿಗೆಲ್ಲ ಹಬ್ಬಿತು. ನಾನು ಯಾರಿಗೂ ಹೇಳಲಿಲ್ಲ, ಕೇಳಿದವರಿಗೆ ಮಾತ್ರ ಹೇಳಿದೆ. ಕೇಳದವರಿಗೆ ಕೇಳುವಂತೆ ಮಾಡಿ ಹೇಳಿದೆ. ಲಾಕರ್ ಖಾಲಿ ಮಾಡಲು ಜನ ಸಾಲು ನಿಲ್ಲುತ್ತಾರೆ ಎಂದು ಅಧ್ಯಕ್ಷರು ಹೆದರಿದ್ದರು. ಒಂದಿಬ್ಬರು ಬಂದರು ಕೂಡ. ಅವರನ್ನು ಎದುರಿಗೆ ಕೂರಿಸಿಕೊಂಡು ಕಾರ್ಯದರ್ಶಿಗಳು, ತಪ್ಪು ಲಾಕರಿನದಲ್ಲ, ಶಾಲಿನದು, ಶಾಲು ಹೊದಿಸಿದವನು ನಾನು ಎಂದು ಹೇಳಿದರು. ಆಡಳಿತ ಮಂಡಳಿಯ ಸಭೆಯಲ್ಲೂ ಅದನ್ನೇ ಹೇಳಿದರು. ‘ಸಿಬ್ಬಂದಿ’ ಎನ್ನಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಒಂದು ತಪ್ಪಿನ ಪಕ್ಕದಲ್ಲಿ ಅವರ ಹೆಸರು ಬಂತು. ಬಂದಿದ್ದ ಒಂದಿಬ್ಬರು ಲಾಕರ್ ಬಿಡದೆ ಎದ್ದು ಹೋದರು. ಕಾರ್ಯದರ್ಶಿಗಳ ಹೆಂಡತಿಯ ಒಡವೆಯೂ ಮುಂದಿನ ವಾರ ಲಾಕರ್‌ಗೆ ಬಂತು. ಎಲ್ಲ ಅಲ್ಲ, ಬಳೆ ಮಾತ್ರ. ಸರ ಡಬ್ಬದಲ್ಲೇ ಇದೆ. ಯಾರಿಗಾದರೂ ಬೇಕಾದರೆ ಎಂದು ಆಯಮ್ಮ ಹೇಳಿದರಂತೆ.

ಆಮೇಲೆ ಸರ್ವರ್ ಕೋಣೆಯಲ್ಲಿ ಎ.ಸಿ. ಓಡತೊಡಗಿತು. ಪ್ರಿಂಟರು, ಜೆರಾಕ್ಸು ಬತ್ತಲೆಯಾದವು. ಕಂದು ಹಿಡಿದ ಆ ಮೆರೂನ್ ಶಾಲನ್ನು ಕಾರ್ಯದರ್ಶಿಗಳೇ ಹೊದ್ದು, ಮಂಡಿಯವರೆಗೆ ಎಳೆದುಕೊಂಡು, ಆ ಕೋಣೆಯ ಬಾಗಿಲಲ್ಲಿ ಕೂತು ಲೆಕ್ಕ ಬರೆಯುತ್ತಿದ್ದರು. ಸನ್ಮಾನ ಯಾವಾಗ ಸಾರ್ ಎಂದು ನಾನು ಕೇಳಿದರೆ, ದಿನಾ ಐತಲ್ಲ ಎನ್ನುತ್ತಿದ್ದರು. ಬೆಳಗಿನ ಕೈ ಮಾತ್ರ ತಪ್ಪಲಿಲ್ಲ. ಹೊಸ ಯುಪಿಎಸ್‌ಗೆ ಉಷ್ಣಾಂಶ ತೋರಿಸುವ ಅಂಕಿಗಳೇ ಇವೆ, ಓದಿದರೆ ಸಾಕು ಎಂದು ನಾನು ತೋರಿಸಿಕೊಟ್ಟಿದ್ದೆ. ಅವರು ಅಂಕಿ ಓದಿ, ಆಮೇಲೆ ಕೈ ಇಟ್ಟು, ಅಂಕಿ ಸರಿಯಾಗಿ ಹೇಳಿದೆಯೇ ಎಂದು ಪರೀಕ್ಷೆ ಮಾಡುತ್ತಿದ್ದರು.

ಕಳೆದ ತಿಂಗಳು ಬೀಳ್ಕೊಡುಗೆ ಸಮಾರಂಭದಲ್ಲಿ ಅವರಿಗೇ ಶಾಲು ಹೊದಿಸಿದರು. ಕೆಂಪು, ದಪ್ಪ ಜರಿ. ಅಧ್ಯಕ್ಷರು ಬಹಳ ಹೊತ್ತು ಮಾತಾಡಿದರು. ಆ ತಾಯಿಯೂ ಬಂದಿದ್ದರು, ಮಗಳ ಮಗುವನ್ನು ಎತ್ತಿಕೊಂಡು. ಹಿಂದಿನ ಸಾಲಿನಲ್ಲಿ ಕೂತು ಊಟ ಮಾಡಿ ಹೋದರು. ಕಾರ್ಯದರ್ಶಿಗಳು ಭಾಷಣ ಮಾಡಲಿಲ್ಲ. ನಾಳೆ ಒಂದು ದಿನ ಬಂದು ಬೀಗದಕೈ ಒಪ್ಪಿಸಿ ಹೋಗುತ್ತೇನೆ ಎಂದರು, ಬಂದು ಒಪ್ಪಿಸಿ ಹೋದರು.

ಮೊನ್ನೆ ನಾನು ಯುಪಿಎಸ್ ಸರ್ವಿಸ್‌ಗೆ ಹೋದೆ. ಹೊಸ ಕಾರ್ಯದರ್ಶಿ ಓದಿದ ಹೆಣ್ಣುಮಗಳು, ಬಂಗಾರಪೇಟೆಯಿಂದ ಬರುತ್ತಾಳೆ. ಬಾಗಿಲು ತೆಗೆದು, ಸಾರ್ ಹೋಗುವ ದಿನ ಇದನ್ನು ಹಾಕಿ ಹೋಗಿದ್ದಾರೆ, ತೆಗೆಯುವುದಾ ಬಿಡುವುದಾ ನೀವೇ ಹೇಳಿ ಎಂದಳು. ನೋಡಿದರೆ ಯುಪಿಎಸ್ ಮೇಲೆ ಬೀಳ್ಕೊಡುಗೆಯ ಕೆಂಪು ಶಾಲು.

ಬೈಯುವುದಕ್ಕೆ ಬಾಯಿ ತೆರೆದು, ಕಿತ್ತು ಹಾಕಲು ಕೈ ಚಾಚಿದೆ. ಹಿಂಬದಿಯಲ್ಲಿ, ಸರಿಯಾಗಿ ಫ್ಯಾನಿನ ಎದುರಿಗೆ, ಬಟ್ಟೆಯಲ್ಲಿ ಒಂದು ಕಿಟಕಿ. ಎರಡು ಪಕ್ಕದಲ್ಲೂ ಗಾಳಿಯ ಸೀಳುಗಳಿಗೆ ಒಂದೊಂದು. ಮುಂದೆ ಅಂಕಿ ಕಾಣುವಷ್ಟಕ್ಕೆ ಒಂದು ಚಿಕ್ಕದು. ಕತ್ತರಿಸಿದ ಅಂಚುಗಳು ಎಳೆ ಬಿಡದಂತೆ ಸುತ್ತಲೂ ಕೈಹೊಲಿಗೆ, ಹತ್ತಿರ ಹತ್ತಿರ, ಕೆಂಪು ದಾರದಲ್ಲಿ. ಒಡವೆಯ ಸಂದಿಯಿಂದ ರಾಗಿ ಬಿಡಿಸಿದ ಅವರ ಹೆಂಡತಿಯ ಕೈಯ ಹೊಲಿಗೆ ಅದು. ಮುಂದಿನ ಕಿಟಕಿಯಲ್ಲಿ ಅಂಕಿ ನೋಡಿದೆ, ಇರಬೇಕಾದಷ್ಟೇ ಇತ್ತು. ಮೇಲೆ, ಜರಿಯ ಮೇಲೆ, ಗುಡ್ಡದ ಬಿಳಿ ಧೂಳು ತೆಳ್ಳಗೆ ಕೂತಿತ್ತು. ಒಳಗೆ ಇರಲಿಲ್ಲ.

ನನ್ನ ವೃತ್ತಿಯವರು ಯಾರೂ ಇದಕ್ಕೆ ಒಪ್ಪಬಾರದು. ನೀವೂ ಮನೆಯಲ್ಲಿ ಮಾಡಬೇಡಿ. ನಾನು ಶಾಲಿನ ಧೂಳು ಕೊಡವಿ, ಕಿಟಕಿಗಳು ಸರಿಯಾಗಿ ಕೂರುವಂತೆ ಎಳೆದು ಸರಿಮಾಡಿದೆ.

ಹೇಗಿದೆ ಸಾರ್ ಎಂದು ಆ ಹೆಣ್ಣುಮಗಳು ಬಾಗಿಲಿನಿಂದ ಕೇಳಿದಳು.

ಪಕ್ಕದ ಕಿಟಕಿಯೊಳಗೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತೆ.

“ಜ್ವರ ಇಲ್ಲಮ್ಮ,” ಎಂದೆ.